ನಲವತ್ತೆರಡನೆಯ ವಯಸ್ಸಿನಲ್ಲಿ ಮಾರ್ಕೆಟಿಂಗ್ ಬಿಟ್ಟು ಸಾಫ್ಟ್‌ವೇರ್ ಕೆಲಸಕ್ಕೆ ಹೋಗಬಹುದೇ? ತುಮಕೂರು ಜಿಲ್ಲೆಯವರ ಅನುಭವ ಬೇಕು

ಕೇಳಿದವರು: ತುಮಕೂರು, ಎಸ್.ಎಸ್. ಪುರಂ

ಎಲ್ಲರಿಗೂ ನಮಸ್ಕಾರ. ನನಗೆ ಈಗ 42 ವರ್ಷ. ಬಿ.ಕಾಂ. ಮುಗಿಸಿ ಒಂದೆರಡು ಕಡೆ ದುಡಿದ ಮೇಲೆ ದಿನಬಳಕೆಯ ವಸ್ತುಗಳ ಕಂಪನಿಯೊಂದರ ಮಾರ್ಕೆಟಿಂಗ್ ವಿಭಾಗಕ್ಕೆ ಸೇರಿದೆ. 18 ವರ್ಷಗಳಿಂದ ಅಲ್ಲಿಯೇ ಇದ್ದೇನೆ. ಜಿಲ್ಲೆಯ 10 ತಾಲ್ಲೂಕುಗಳ ಡಿಸ್ಟ್ರಿಬ್ಯೂಟರ್‌ಗಳೂ ಅವರಿಂದ ಮಾಲು ಕೊಳ್ಳುವ ದಿನಸಿ ಅಂಗಡಿಗಳೂ ನನ್ನ ಜವಾಬ್ದಾರಿ. ಮಂಡಿಪೇಟೆಯಲ್ಲಿ ಬೆಳಗಿನ ಲೋಡು ಇಳಿಸುವುದರಿಂದ ಹಿಡಿದು ಪಾವಗಡದ ಗಡಿಯ ಅಂಗಡಿಗೆ ಬೋರ್ಡು ಹಾಕಿಸುವವರೆಗೆ ಈ ಕೆಲಸದ ಒಳಹೊರಗು ನನಗೆ ಗೊತ್ತು.

ಪ್ರೋಗ್ರಾಮಿಂಗ್ ಕಡೆಗೆ ನನ್ನನ್ನು ಎಳೆದದ್ದು ತಿಂಗಳ ಕೊನೆಯ ಸ್ಕೀಮ್ ಕ್ಲೇಮುಗಳು. ಯಾವ ಅಂಗಡಿಗೆ ಎಷ್ಟು ಪೆಟ್ಟಿಗೆ ಹೋಯಿತು, ಅದಕ್ಕೆ ಎಷ್ಟು ಉಚಿತವಾಗಿ ಸೇರಬೇಕಿತ್ತು, ಡಿಸ್ಟ್ರಿಬ್ಯೂಟರ್ ಕೈಯಿಂದ ಹಾಕಿದ ಹಣದಲ್ಲಿ ಕಂಪನಿ ಎಷ್ಟು ಹಿಂದಿರುಗಿಸಬೇಕು ಎಂಬುದನ್ನು ಹಾಳೆಯಿಂದ ಹಾಳೆಗೆ ನಕಲು ಮಾಡಿ ತಾಳೆ ನೋಡಲು ನನಗೆ ಮೂರು ದಿನ ಹಿಡಿಯುತ್ತಿತ್ತು. ಒಮ್ಮೆ ಒಬ್ಬ ಡಿಸ್ಟ್ರಿಬ್ಯೂಟರ್‌ಗೆ ಜೂನ್ ತಿಂಗಳ ಹಣವೇ ಬರಲಿಲ್ಲ. ಹುಡುಕಿದಾಗ ಕಂಡದ್ದು ಇಷ್ಟು: 05/06 ಎಂದು ಬರೆದದ್ದನ್ನು ಸ್ಪ್ರೆಡ್‌ಶೀಟು ಜೂನ್ 5 ಎಂದು ಓದದೆ ಅಮೆರಿಕದ ರೂಢಿಯಂತೆ ಮೇ 6 ಎಂದು ಓದಿ, ಆಗಲೇ ಲೆಕ್ಕ ಮುಗಿದಿದ್ದ ಮೇ ತಿಂಗಳಿಗೆ ಸೇರಿಸಿತ್ತು, 13ನೇ ತಾರೀಖಿನಿಂದ ಮುಂದಿನವನ್ನು ದಿನಾಂಕವೆಂದೇ ಗುರುತಿಸದೆ ಬರಿಯ ಅಕ್ಷರಗಳಾಗಿ ಬಿಟ್ಟಿತ್ತು. ಆ ಡಿಸ್ಟ್ರಿಬ್ಯೂಟರ್ ಬಡ್ಡಿಗೆ ಸಾಲ ತಂದು ಆ ತಿಂಗಳನ್ನು ನಿಭಾಯಿಸಿದ್ದರು. ಆ ರಾತ್ರಿಯಿಂದಲೇ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕುಳಿತೆ.

ಅದಾಗಿ 14 ತಿಂಗಳಾಗಿದೆ. ಬೆಳಗ್ಗೆ 5ರಿಂದ 6.30ರವರೆಗೆ ತಪ್ಪದೆ ಓದುತ್ತೇನೆ, ಬರೆಯುತ್ತೇನೆ. ಮೂರು ದಿನದ ಕ್ಲೇಮು ಈಗ 20 ನಿಮಿಷಕ್ಕೆ ಮುಗಿಯುತ್ತದೆ. ಇದನ್ನೇ ಜೀವನದ ಕೆಲಸವಾಗಿ ಮಾಡಿಕೊಳ್ಳಬೇಕೆಂಬ ಆಸೆ ಬಲವಾಗಿದೆ. ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ, ಮಗ ಆರರಲ್ಲಿದ್ದಾನೆ, ಮನೆಯ ಸಾಲ ಇನ್ನೂ 9 ವರ್ಷ ಇದೆ. ಬರುವ ಮಾರ್ಚ್ ಕೊನೆಗೆ ರಾಜೀನಾಮೆ ಕೊಟ್ಟು ಆರು ತಿಂಗಳು ಪೂರ್ಣಕಾಲ ಕಲಿತು ಕೆಲಸ ಹುಡುಕೋಣ ಎಂದುಕೊಂಡಿದ್ದೇನೆ. ಎಂಜಿನಿಯರಿಂಗ್ ಪದವಿಯಿಲ್ಲದ, ಈ ವಯಸ್ಸಿನ, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನನ್ನು ಯಾರಾದರೂ ತೆಗೆದುಕೊಳ್ಳುತ್ತಾರೆಯೇ? ದಯವಿಟ್ಟು ಇದ್ದದ್ದನ್ನು ಇದ್ದಂತೆ ಹೇಳಿ.

ಉತ್ತರ: ತಿಪಟೂರಿನಿಂದ

ಸರ್, ನಿಮ್ಮ ಬರಹದಲ್ಲಿ ನನ್ನ ಐದು ವರ್ಷಗಳ ಹಿಂದಿನ ದಿನಗಳನ್ನು ಕಂಡೆ. ನಾನೂ ಮಾರ್ಕೆಟಿಂಗ್‌ನಿಂದ ಬಂದವಳು. 39ನೆಯ ವಯಸ್ಸಿನಲ್ಲಿ ಕಲಿಯಲು ಆರಂಭಿಸಿದೆ. ಈಗ ಸಣ್ಣದೊಂದು ಕಂಪನಿಗೆ ಬಹುಪಾಲು ಮನೆಯಿಂದಲೇ ಕೆಲಸ ಮಾಡುತ್ತೇನೆ, ವಾರಕ್ಕೊಮ್ಮೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತೇನೆ. ಆದುದರಿಂದ ಆಗುತ್ತದೆ ಎಂದು ಹೇಳಬಲ್ಲೆ. ಆದರೆ ನೀವು ಹೇಳಿದ ಕ್ರಮದಲ್ಲಿ, ಅಂದರೆ ಮೊದಲು ರಾಜೀನಾಮೆ ಆಮೇಲೆ ಕಲಿಕೆ ಎಂಬ ಕ್ರಮದಲ್ಲಿ ಬೇಡ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ನನ್ನ ಮೊದಲ ವರ್ಷವನ್ನು ನಾನು ಕಳೆದದ್ದು ಎಲ್ಲ ಪಾಠಗಳಲ್ಲಿಯೂ ಬರುವ ಅಭ್ಯಾಸಗಳಲ್ಲಿ: ಹವಾಮಾನ ತೋರಿಸುವ ಪುಟ, ಮಾಡಬೇಕಾದ ಕೆಲಸಗಳ ಪಟ್ಟಿ, ಅಣಕು ಅಂಗಡಿ. ಅವನ್ನು ತೋರಿಸಿ ಹಾಕಿದ ಯಾವ ಅರ್ಜಿಗೂ ಕರೆ ಬರಲಿಲ್ಲ. ಅದೇ ಪುಟಗಳನ್ನು 22 ವರ್ಷದ ಸಾವಿರಾರು ಮಕ್ಕಳು ನನಗಿಂತ ಚೆನ್ನಾಗಿ ಬರೆದು ತೋರಿಸುತ್ತಿದ್ದರು. ಅವರ ಓಣಿಯಲ್ಲಿ ಅವರೊಡನೆ ಓಡಲು ಹೋದದ್ದು ನನ್ನ ತಪ್ಪು.

ತಿರುವು ಬಂದದ್ದು ನಮ್ಮ ಭಾವನವರಿಂದ. ಅವರು ಕೊಬ್ಬರಿ ವ್ಯಾಪಾರಿ. ಉಂಡೆ ಕೊಬ್ಬರಿ ಆಗಬೇಕಾದರೆ ತೆಂಗಿನಕಾಯಿ ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಬೇಕೆಂಬುದು ನಿಮಗೆ ಗೊತ್ತೇ ಇದೆ. ಅಷ್ಟು ಕಾಲ ರೈತ ಕಾಯಲಾರದೆ ವ್ಯಾಪಾರಿಯಿಂದ ಮುಂಗಡ ಪಡೆಯುತ್ತಾನೆ, ಒಮ್ಮೆ ಮದುವೆಗೆಂದು, ಒಮ್ಮೆ ಗೊಬ್ಬರಕ್ಕೆಂದು, ಒಮ್ಮೆ ಬೋರ್‌ವೆಲ್ ಮೋಟಾರು ಸುಟ್ಟಿತೆಂದು. ಮಾಲು ಬಂದ ದಿನ ತೂಕ, ದರ, ಹಮಾಲಿ, ಹಿಂದಿನ ಮುಂಗಡ ಎಲ್ಲವನ್ನೂ ಸೇರಿಸಿ ಕಳೆದು ಕೈಗೆ ಎಷ್ಟು ಕೊಡಬೇಕೆಂದು ಹೇಳುವ ಲೆಕ್ಕ ಅವರ ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿತ್ತು, ಆ ಪುಸ್ತಕದ ಕೀಲಿಕೈ ಅವರೊಬ್ಬರ ತಲೆಯಲ್ಲಿತ್ತು. ಅದನ್ನು ನಾನು ಪ್ರೋಗ್ರಾಮಾಗಿ ಬರೆದೆ. ಮೊದಲ ವಾರದಲ್ಲಿಯೇ ಪೈಸೆಯ ವ್ಯತ್ಯಾಸಗಳು ಬರತೊಡಗಿದವು. 0.1 ಮತ್ತು 0.2 ಕೂಡಿಸಿದರೆ ಪೈಥಾನ್ 0.30000000000000004 ಎಂದು ತೋರಿಸುತ್ತದೆ. ಯಂತ್ರವು ಸಂಖ್ಯೆಗಳನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದರಿಂದ ನಮ್ಮ ಹತ್ತನೆಯ ಒಂದು ಭಾಗ ಅದರಲ್ಲಿ ಪೂರ್ತಿಯಾಗಿ ಕೂರುವುದಿಲ್ಲ ಎಂಬ ಪಾಠವನ್ನು ನಾನು ಓದಿದ್ದೆ, ಓದಿ ಮರೆತಿದ್ದೆ. ಭಾವನವರ ಎದುರು ರೈತರೊಬ್ಬರು ನಿಂತು ತಮ್ಮ ಬಾಯಿಲೆಕ್ಕವೇ ಸರಿಯೆಂದು ಸಾಬೀತು ಮಾಡಿದ ಮೇಲೆ ಮರೆಯಲಿಲ್ಲ. ಅಂದಿನಿಂದ ಹಣವನ್ನೆಲ್ಲ ಪೈಸೆಗಳ ಪೂರ್ಣಾಂಕವಾಗಿಯೇ ಇಡುತ್ತೇನೆ.

ಆ ಪ್ರೋಗ್ರಾಮನ್ನು ಇನ್ನಿಬ್ಬರು ವ್ಯಾಪಾರಿಗಳು ಕೇಳಿ ಪಡೆದರು. ಸಂದರ್ಶನದಲ್ಲಿ ನಾನು ಮಾತನಾಡಿದ್ದು ಇದೊಂದರ ಬಗ್ಗೆಯೇ: ಏನು ಮುರಿಯಿತು, ಯಾರು ಸಿಟ್ಟಾದರು, ಹೇಗೆ ಸರಿಪಡಿಸಿದೆ. ನನ್ನನ್ನು ತೆಗೆದುಕೊಂಡ ಕಂಪನಿ ಸಗಟು ವ್ಯಾಪಾರಿಗಳಿಗೆ ಬಿಲ್ಲಿಂಗ್ ವ್ಯವಸ್ಥೆ ಮಾಡಿಕೊಡುವಂಥದ್ದು. ಅವರಿಗೆ ಪ್ರೋಗ್ರಾಮ್ ಬರೆಯುವವರು ಸಿಗುತ್ತಿದ್ದರು; ಮುಂಗಡ, ಉದ್ರಿ, ವಾಪಸಾತಿ ಎಂದರೆ ಏನೆಂದು ಮತ್ತೆ ಮತ್ತೆ ಕೇಳದೆ ಬರೆಯುವವರು ಸಿಗುತ್ತಿರಲಿಲ್ಲ. ಸರ್, ನಿಮ್ಮ 18 ವರ್ಷವನ್ನು ಹೊರಗೆ ಕಳಚಿಟ್ಟು ಹೊಸ ಮನೆಯೊಳಗೆ ಹೋಗಬೇಡಿ. ಅದನ್ನು ಹೊತ್ತುಕೊಂಡೇ ಹೋಗಿ.

ಉತ್ತರ: ಬಟವಾಡಿಯಿಂದ, ದಿನವೂ ಬೆಂಗಳೂರಿಗೆ ಹೋಗಿ ಬರುವ ಎಂಜಿನಿಯರ್

ನಾನು 16 ವರ್ಷಗಳಿಂದ ಈ ವೃತ್ತಿಯಲ್ಲಿದ್ದೇನೆ. ತಂಡಕ್ಕೆ ಜನರನ್ನು ಆರಿಸುವ ಕೆಲಸವೂ ಕೆಲವು ವರ್ಷಗಳಿಂದ ನನ್ನ ಪಾಲಿಗಿದೆ. ತಿಪಟೂರಿನ ಮೇಡಂ ಹೇಳಿದ್ದನ್ನು ಮೇಜಿನ ಈಚೆ ಕಡೆಯಿಂದ ನೋಡಿ ಒಪ್ಪುತ್ತೇನೆ.

ವಯಸ್ಸಿನ ವಿಷಯವನ್ನು ಮುಚ್ಚಿಡುವುದು ನಿಮಗೆ ಮಾಡುವ ಅನ್ಯಾಯ. ದೊಡ್ಡ ಕಂಪನಿಗಳು ಹೊಸಬರನ್ನು ಕಾಲೇಜುಗಳಿಂದ, ಪದವಿ ಮುಗಿಸಿದ ವರ್ಷ ನೋಡಿ ತೆಗೆದುಕೊಳ್ಳುತ್ತವೆ. ಆ ಬಾಗಿಲು ನಿಮಗೆ ತೆರೆಯುವುದಿಲ್ಲ, ಅದರ ಮುಂದೆ ನಿಂತು ಕಾಲ ಕಳೆಯಬೇಡಿ. ನಿಮಗೆ ಹೊಂದುವ ಕೆಲಸಗಳು ಬೇರೆ ಇವೆ: ವಿತರಣೆ, ಮಾರಾಟ, ಲೆಕ್ಕಪತ್ರಗಳಿಗೆ ಸಾಫ್ಟ್‌ವೇರ್ ಮಾಡುವ ಸಣ್ಣ ತಂಡಗಳು, ಗ್ರಾಹಕರ ಬಳಿಗೆ ಹೋಗಿ ಆ ಸಾಫ್ಟ್‌ವೇರನ್ನು ಅವರ ಪದ್ಧತಿಗೆ ಹೊಂದಿಸಿ ನಿಲ್ಲಿಸುವ ಹುದ್ದೆಗಳು, ಮಾಹಿತಿಯನ್ನು ಕೂಡಿಸಿ ಶೋಧಿಸಿ ವರದಿ ಮಾಡುವ ಹುದ್ದೆಗಳು. ಮೊದಲ ಎರಡು ವರ್ಷ ಈಗಿನ ಸಂಬಳಕ್ಕಿಂತ ಕಡಿಮೆ ಸಿಗುತ್ತದೆ ಎಂದು ಇಟ್ಟುಕೊಂಡೇ ಲೆಕ್ಕ ಹಾಕಿ.

ಕಲಿಯಬೇಕಾದದ್ದರಲ್ಲಿ ನಿಮಗೆ ಬೇಗ ಫಲ ಕೊಡುವುದು, ಕೋಷ್ಟಕಗಳಲ್ಲಿರುವ ಮಾಹಿತಿಯನ್ನು ಕೇಳಿ ಪಡೆಯುವ ಭಾಷೆಯಾದ ಎಸ್‌ಕ್ಯೂಎಲ್. ನೀವು ಇಷ್ಟು ವರ್ಷ ಸ್ಪ್ರೆಡ್‌ಶೀಟಿನಲ್ಲಿ ವಿಲುಕಪ್ ಹಾಕಿ ಎರಡು ಹಾಳೆಗಳನ್ನು ಹೊಂದಿಸಿದ್ದೀರಿ. ಎಸ್‌ಕ್ಯೂಎಲ್‌ನ ಜಾಯಿನ್ ಎಂಬುದು ಅದೇ ಕೆಲಸವನ್ನು ಲಕ್ಷಾಂತರ ಸಾಲುಗಳ ಮೇಲೆ, ಮಾಡಿದ್ದನ್ನು ಇನ್ನೊಬ್ಬರು ಓದಿ ಪರೀಕ್ಷಿಸಬಹುದಾದ ರೀತಿಯಲ್ಲಿ ಮಾಡುತ್ತದೆ. ಅದರ ಜೊತೆಗೆ, ಪ್ರೋಗ್ರಾಮಿನಲ್ಲಿ ಆದ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಕಲಿಯಿರಿ. ಲೈನಸ್ ಟೊರ್ವಾಲ್ಡ್ಸ್ ಅವರು 2005ರಲ್ಲಿ ಲೈನಕ್ಸ್ ಕೆಲಸಕ್ಕಾಗಿ ಬರೆದ ಈ ಸಾಧನ ಇಂದು ಹೆಚ್ಚುಕಡಿಮೆ ಎಲ್ಲ ತಂಡಗಳಲ್ಲಿಯೂ ಇದೆ. ಅರ್ಜಿ ಬಂದಾಗ ನಾನು ಮೊದಲು ನೋಡುವುದು ಅಭ್ಯರ್ಥಿಯ ಗಿಟ್ ಇತಿಹಾಸವನ್ನು. ಒಂದೇ ದಿನ ಎಲ್ಲವನ್ನೂ ತಂದು ಸುರಿದಿದ್ದಾರೆಯೇ ಅಥವಾ ಎಂಟು ತಿಂಗಳ ಕಾಲ ಸ್ವಲ್ಪ ಸ್ವಲ್ಪವಾಗಿ ತಿದ್ದುತ್ತ ಬಂದಿದ್ದಾರೆಯೇ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕೃತಕ ಬುದ್ಧಿಮತ್ತೆಯ ಬಗ್ಗೆ ನೀವು ಕೇಳಲಿಲ್ಲ, ಆದರೆ ಅದನ್ನು ಬಿಟ್ಟು ಈ ಮಾತು ಆಡುವಂತಿಲ್ಲ. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸಣ್ಣ ಪ್ರೋಗ್ರಾಮನ್ನು ಯಂತ್ರವೇ ಕ್ಷಣದಲ್ಲಿ ಬರೆದುಕೊಡುತ್ತದೆ. ಹೊಸಬರಿಗೆ ಕಲಿಕೆಗೆಂದು ಕೊಡುತ್ತಿದ್ದ ಸಣ್ಣ ಕೆಲಸಗಳು ನಮ್ಮ ತಂಡದಲ್ಲಿ ಕಡಿಮೆಯಾಗಿವೆ. ಆದರೆ ನಿಮ್ಮ 05/06ರ ಪ್ರಸಂಗವನ್ನೇ ತೆಗೆದುಕೊಳ್ಳಿ. ಯಂತ್ರ ಬರೆದ ಪ್ರೋಗ್ರಾಮು ಆ ದಿನಾಂಕವನ್ನು ತಪ್ಪು ತಿಂಗಳಿಗೆ ಸೇರಿಸಿದರೂ ಯಾವ ದೋಷಸೂಚನೆಯೂ ಬರುವುದಿಲ್ಲ, ಉತ್ತರ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಜೂನ್‌ನಲ್ಲಿ ಈ ಡಿಸ್ಟ್ರಿಬ್ಯೂಟರ್ ಇಷ್ಟು ಕಡಿಮೆ ಎತ್ತುವವರಲ್ಲ ಎಂದು ಅನುಮಾನಿಸುವುದಕ್ಕೆ ಮಾರುಕಟ್ಟೆ ತಿಳಿದವನೇ ಬೇಕು. ಯಂತ್ರದಿಂದ ಬರೆಸಿಕೊಳ್ಳಿ, ತಪ್ಪಲ್ಲ. ಆದರೆ ಅದು ಬರೆದ ಪ್ರತಿ ಸಾಲನ್ನೂ ಇನ್ನೊಬ್ಬರಿಗೆ ವಿವರಿಸಬಲ್ಲಿರಾದರೆ ಮಾತ್ರ ಉಳಿಸಿಕೊಳ್ಳಿ. ಸಂದರ್ಶನದಲ್ಲಿ ನಾನು ಹೊಸದಾಗಿ ಬರೆಸುವುದಕ್ಕಿಂತ ಹೆಚ್ಚಾಗಿ, ಬರೆದಿಟ್ಟ ಕೋಡನ್ನು ಮುಂದಿಟ್ಟು ಓದಿಸಿ ತಪ್ಪು ಹುಡುಕಿಸುತ್ತೇನೆ.

ಕೊನೆಯದಾಗಿ ಒಂದು ಎಚ್ಚರಿಕೆ. ಕ್ಲೇಮು ಲೆಕ್ಕದ ಪ್ರೋಗ್ರಾಮನ್ನು ನೌಕರಿಯ ಭಾಗವಾಗಿ ಬರೆದಿದ್ದರೆ ಅದರ ಹಕ್ಕು ನಿಮ್ಮದಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ ನೌಕರಿಯ ಅವಧಿಯಲ್ಲಿ, ನೌಕರಿಯ ಕೆಲಸವಾಗಿ ಮಾಡಿದ ಕೃತಿಯ ಮೊದಲ ಒಡೆಯ ಉದ್ಯೋಗದಾತನೇ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಅದನ್ನು ಗಿಟ್ ಕಡತಗಳನ್ನು ಇಡುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರೂ ನೋಡುವಂತೆ ಹಾಕಬೇಡಿ. ಡಿಸ್ಟ್ರಿಬ್ಯೂಟರ್‌ಗಳ ಹೆಸರು, ದರ, ಬಾಕಿ ಇರುವ ಕಡತಗಳನ್ನಂತೂ ಖಂಡಿತ ಹಾಕಬೇಡಿ. ನಿಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ, ಕಲ್ಪಿತ ಅಂಕಿಗಳನ್ನಿಟ್ಟು, ಬೇರೆಯದೇ ಆದ ಒಂದನ್ನು ಮೊದಲಿನಿಂದ ಬರೆಯಿರಿ.

ಉತ್ತರ: ಶಿರಾದಿಂದ

ಬೇರೆಯವರಿಗೆ ಆಗಲಿಲ್ಲವೇ ಎಂದು ಯಾರಾದರೂ ಕೇಳುವ ಮೊದಲೇ ನಾನು ಬರೆಯುತ್ತೇನೆ. ನನಗೆ ಆಗಲಿಲ್ಲ.

ನಾನು ಔಷಧ ಮಾರಾಟ ಪ್ರತಿನಿಧಿಯಾಗಿದ್ದವನು. 40ನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟು ಬೆಂಗಳೂರಿನ ತರಬೇತಿ ಸಂಸ್ಥೆಯೊಂದಕ್ಕೆ ಸೇರಿದೆ. ಆರು ತಿಂಗಳಲ್ಲಿ ಕೆಲಸ ಗ್ಯಾರಂಟಿ ಎಂದು ಬಾಯಿಮಾತಿನಲ್ಲಿ ಹೇಳಿ ಪೂರ್ತಿ ಶುಲ್ಕವನ್ನು ಮೊದಲೇ ಕಟ್ಟಿಸಿಕೊಂಡರು. ರಸೀದಿಯ ಹಿಂಭಾಗದಲ್ಲಿ ಇದ್ದದ್ದು 'ಸಂದರ್ಶನಕ್ಕೆ ನೆರವು' ಎಂಬ ಮಾತು ಮಾತ್ರ. ಪಾಠ ಕೆಟ್ಟದಾಗಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಹೇಳಿಕೊಟ್ಟ ಒಂದೊಂದು ವಿಷಯವೂ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ ಎಂಬುದು ನನಗೆ ತಿಳಿದದ್ದು ಹಣ ಕಟ್ಟಿದ ಮೇಲೆ. ಹನ್ನೊಂದನೆಯ ತಿಂಗಳಿಗೆ ಉಳಿತಾಯ ಮುಗಿಯಿತು. ಮತ್ತೆ ಮಾರಾಟಕ್ಕೆ ಬಂದೆ, ಮೊದಲಿಗಿಂತ ಕೆಳಗಿನ ಹುದ್ದೆಗೆ.

ನನಗೆ ಹೆಚ್ಚು ನೋವು ಕೊಟ್ಟದ್ದು ಹಣವಲ್ಲ, ಆರೋಗ್ಯ ವಿಮೆ. ತಾಯಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ. ಕಂಪನಿಯ ಗುಂಪು ವಿಮೆಯಲ್ಲಿ ಮೊದಲ ದಿನದಿಂದಲೇ ಎಲ್ಲಕ್ಕೂ ರಕ್ಷಣೆ ಇತ್ತು. ರಾಜೀನಾಮೆಯೊಂದಿಗೆ ಅದು ನಿಂತುಹೋಯಿತು. ಹೊಸ ಪಾಲಿಸಿ ಮಾಡಿಸಿದರೆ ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. 2024ರ ಏಪ್ರಿಲ್‌ನಿಂದ ಅದರ ಗರಿಷ್ಠ ಮಿತಿಯನ್ನು 48ರಿಂದ 36 ತಿಂಗಳಿಗೆ ಇಳಿಸಿದ್ದಾರೆ, ಆದರೂ ಅದು ಮೂರು ವರ್ಷವೇ. ಆ ನಡುವೆ ತಾಯಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು, ಅಷ್ಟನ್ನೂ ಕೈಯಿಂದ ಕಟ್ಟಿದೆ. ಸರ್, ನೀವು ರಾಜೀನಾಮೆ ಪತ್ರ ಬರೆಯುವ ಮೊದಲೇ, ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವುದು ಹೇಗೆಂದು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.

ಇನ್ನೊಂದು. ನಿಮಗೆ ಗ್ರಾಚ್ಯುಟಿ ಬರುತ್ತದೆ. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. ಆ ಮೊತ್ತ 40,000 ರೂಪಾಯಿ ಇದ್ದು 18 ವರ್ಷ ಆಗಿದ್ದರೆ ಸುಮಾರು 4,15,385 ರೂಪಾಯಿ. ಆ ಹಣವನ್ನು ಕಲಿಕೆಯ ಖರ್ಚಿಗೆಂದು ಎತ್ತಿಡಬೇಡಿ. ನಾನು ಹಾಗೆ ಮಾಡಿದೆ.

ಕೇಳಿದವರು

ಶಿರಾದ ಸರ್, ನಿಮ್ಮ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಇಷ್ಟನ್ನು ಬಿಚ್ಚಿ ಹೇಳಿದ್ದಕ್ಕೆ ನಾನು ಋಣಿ. ವಿಮೆಯ ಮಾತು ನನ್ನ ಲೆಕ್ಕದಲ್ಲಿಯೇ ಇರಲಿಲ್ಲ. ನಮ್ಮ ತಂದೆಯವರಿಗೆ ಹೃದಯದ ತೊಂದರೆಯಿದೆ.

ಎರಡು ಅನುಮಾನಗಳು ಉಳಿದಿವೆ. ಗಣಿತ ಎಷ್ಟು ಬೇಕು? ಪದವಿ ಬೇಕೇ? ಇಂಗ್ಲಿಷಿನ ವಿವರಣೆಗಳನ್ನು ಎರಡು ಮೂರು ಸಲ ಓದಬೇಕಾಗುತ್ತದೆ, ಅದರಿಂದ ಕಲಿಕೆ ನಿಧಾನವಾಗುತ್ತಿದೆ ಎಂಬ ಕೊರಗೂ ಇದೆ.

ಉತ್ತರ: ಕಂಪ್ಯೂಟರ್ ವಿಜ್ಞಾನದ ಅಧ್ಯಾಪಕರು, ತುಮಕೂರು

ನಿಮ್ಮ ಕೆಲಸದ ಮಟ್ಟಿಗೆ ಶೇಕಡಾವಾರು, ಸರಾಸರಿ, ತರ್ಕದ 'ಮತ್ತು', 'ಅಥವಾ', 'ಅಲ್ಲ' ಇಷ್ಟು ಗಟ್ಟಿಯಿದ್ದರೆ ಆರಂಭಕ್ಕೆ ಸಾಕು. ಗಣಗಳ ಪಾಠವನ್ನು ಒಮ್ಮೆ ಮತ್ತೆ ಓದಿಕೊಳ್ಳಿ, ಏಕೆಂದರೆ ಇಂದಿನ ಬಹುಪಾಲು ದತ್ತಸಂಚಯಗಳು (ಡೇಟಾಬೇಸ್‌ಗಳು) ನಿಂತಿರುವುದು ಅದರ ಮೇಲೆ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಅವರು ಮಾಹಿತಿಯನ್ನು ಕೋಷ್ಟಕಗಳಾಗಿ, ಗಣಗಳ ಸಂಬಂಧಗಳಾಗಿ ನೋಡುವ ದಾರಿಯನ್ನು ತೋರಿಸಿದ ಮೇಲೆಯೇ ಎಸ್‌ಕ್ಯೂಎಲ್ ಹುಟ್ಟಿದ್ದು. ಹತ್ತನೆಯ ತರಗತಿಯಲ್ಲಿ ನೀವು ಕನ್ನಡದಲ್ಲಿ ಕಲಿತ ಸಂಯೋಗ, ಛೇದನಗಳು ಇಲ್ಲಿ ಹಾಗೆಯೇ ಉಪಯೋಗಕ್ಕೆ ಬರುತ್ತವೆ.

ಭಾಷೆಯ ಕೊರಗಿಗೆ ನನ್ನ ಉತ್ತರ ಸ್ವಲ್ಪ ದೀರ್ಘವಾಗುತ್ತದೆ, ಕ್ಷಮಿಸಿ. ಇದು ನನಗೆ ಹತ್ತಿರವಾದ ವಿಷಯ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮೊದಲ ವರ್ಷ ಹಿಂದೆ ಬೀಳುವುದು ಬುದ್ಧಿಯ ಕೊರತೆಯಿಂದಲ್ಲ, ಹೊಸ ವಿಷಯ ಮತ್ತು ಹೊಸ ಭಾಷೆ ಎರಡನ್ನೂ ಒಂದೇ ಉಸಿರಿನಲ್ಲಿ ಕಲಿಯಬೇಕಾಗುವುದರಿಂದ. ಆದುದರಿಂದ ನಾನು ಅವರಿಗೆ ಮೊದಲು ಲೆಕ್ಕವನ್ನು ಕನ್ನಡದಲ್ಲಿ ಬರೆಯಲು ಹೇಳುತ್ತೇನೆ: ಏನು ಕೊಟ್ಟಿದೆ, ಏನು ಬೇಕು, ನಡುವೆ ಯಾವ ಹೆಜ್ಜೆಗಳು. ಹೆಜ್ಜೆಗಳು ಕನ್ನಡದಲ್ಲಿ ಸ್ಪಷ್ಟವಾದರೆ ಪೈಥಾನ್‌ಗೆ ಇಳಿಸುವುದು ಕಷ್ಟವಲ್ಲ. ಪೈಥಾನ್‌ನ ಮೂರನೆಯ ಆವೃತ್ತಿಯಲ್ಲಿ ಚರಾಕ್ಷರಗಳಿಗೆ ಕನ್ನಡದ ಹೆಸರುಗಳನ್ನೇ ಕೊಡಬಹುದು, 'ಬೆಲೆ = 40' ಎಂದು ಬರೆದರೆ ಅದು ಒಪ್ಪಿಕೊಳ್ಳುತ್ತದೆ. ತಂಡದಲ್ಲಿ ಹಾಗೆ ಬರೆಯುವ ರೂಢಿಯಿಲ್ಲ, ಆದರೆ ಕಲಿಯುವಾಗ ಮನಸ್ಸಿನ ಭಾರ ಇಳಿಯುತ್ತದೆ.

ಕನ್ನಡ ಬಲ್ಲವರಿಗೆ ಮಾತ್ರ ಕಾಣುವ ತೊಡಕುಗಳೂ ಇವೆ. 'ತುಮಕೂರು' ಎಂಬ ಪದದ ಉದ್ದ ಎಷ್ಟೆಂದು ಪೈಥಾನ್ ಅನ್ನು ಕೇಳಿ ನೋಡಿ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಅದು ಏಳು ಎನ್ನುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ತ ಒಂದು, ಅದರ ಉಕಾರ ಇನ್ನೊಂದು, ಹೀಗೆ ಸ್ವರಚಿಹ್ನೆಗಳು ಬೇರೆಯಾಗಿಯೇ ಎಣಿಕೆಯಾಗುತ್ತವೆ. ಅಂಗಡಿಯ ಹೆಸರನ್ನು ಬಿಲ್ಲಿನ ಅಂಚಿಗೆ ಸರಿಯಾಗಿ ಕತ್ತರಿಸಲು ಹೋದ ಪ್ರೋಗ್ರಾಮು 'ರು' ಎಂಬುದನ್ನು 'ರ' ಮಾಡಿ ನಿಲ್ಲಿಸುವುದು ಇದರಿಂದಲೇ. ಇಂಗ್ಲಿಷಿನಲ್ಲಿಯೂ ನಮ್ಮ ಊರಿಗೆ ತೊಡಕು ತಪ್ಪಿಲ್ಲ. 2014ರ ನವೆಂಬರ್ 1ರಿಂದ ಊರಿನ ಅಧಿಕೃತ ಇಂಗ್ಲಿಷ್ ಕಾಗುಣಿತ ಬದಲಾಯಿತು. ಹಳೆಯ ಕಡತದಲ್ಲಿ ಹಳೆಯದು, ಹೊಸ ಕಡತದಲ್ಲಿ ಹೊಸದು ಇದ್ದರೆ ಯಂತ್ರಕ್ಕೆ ಅವು ಎರಡು ಬೇರೆ ಊರುಗಳು. ನಿಮ್ಮ ಮಾರಾಟದ ಹಾಳೆಗಳಲ್ಲಿ ಇದನ್ನು ನೀವು ಕಂಡೇ ಇರುತ್ತೀರಿ.

ಪದವಿ ಇದ್ದರೆ ಅರ್ಜಿಗಳನ್ನು ಸೋಸುವ ಮೊದಲ ಜರಡಿ ದಾಟಲು ಸಹಾಯವಾಗುತ್ತದೆ, ಇಲ್ಲದಿದ್ದರೆ ದಾರಿ ಮುಚ್ಚುವುದಿಲ್ಲ. ಬೇಕೆನಿಸಿದರೆ ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಪದವಿ ಆನ್‌ಲೈನಿನಲ್ಲಿ ನಡೆಯುತ್ತದೆ, ವಯಸ್ಸಿನ ಮಿತಿಯಿಲ್ಲ, ನೌಕರಿಯಲ್ಲಿ ಇದ್ದುಕೊಂಡೇ ಓದುವವರು ಅಲ್ಲಿದ್ದಾರೆ. ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಬೇಕು. ಬರಿಯ ಪಾಠ ಸಾಕೆಂದರೆ ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟೆಲ್, ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50, ಫ್ರೀಕೋಡ್‌ಕ್ಯಾಂಪ್ ಇವುಗಳ ಪಾಠಗಳೆಲ್ಲ ಉಚಿತ. ಯಾವುದಾದರೂ ಒಂದನ್ನು ಹಿಡಿದು ಕೊನೆ ಮುಟ್ಟಿಸಿ. ಐದನ್ನು ಅರ್ಧಕ್ಕೆ ಬಿಟ್ಟವರನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಉತ್ತರ: ಪಾವಗಡದಿಂದ

ಒಂದೇ ಮಾತು ಸೇರಿಸುತ್ತೇನೆ. ನಾನು ಡಿಸ್ಟ್ರಿಬ್ಯೂಟರ್ ಬಳಿ ಆರ್ಡರ್ ತೆಗೆಯುವ ಕೆಲಸ ಮಾಡುತ್ತೇನೆ. ಕಂಪನಿಗಳು ನಮಗೆ ಕೊಡುವ ಮೊಬೈಲ್ ಆ್ಯಪ್‌ಗಳು ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲಿ ಸುತ್ತುತ್ತ ನಿಂತುಬಿಡುತ್ತವೆ. ಅಂಗಡಿಯವರು ಕಾಯುವುದಿಲ್ಲ, ನಾವು ಚೀಟಿಯಲ್ಲಿ ಬರೆದುಕೊಂಡು ಸಂಜೆ ಊರಿಗೆ ಬಂದು ಮತ್ತೆ ಒತ್ತುತ್ತೇವೆ; ಒತ್ತುವಾಗ ಎರಡು ಸಲ ಹೋದರೆ ಎರಡು ಸಲ ಮಾಲು ಬರುತ್ತದೆ. ಆರ್ಡರನ್ನು ಫೋನಿನಲ್ಲಿಯೇ ಇಟ್ಟುಕೊಂಡು ಸಿಗ್ನಲ್ ಸಿಕ್ಕಾಗ ಒಂದೇ ಸಲ ಕಳಿಸುವ ಆ್ಯಪನ್ನು ಬರೆಯುವವರು ನಮ್ಮ ದಾರಿಯಲ್ಲಿ ಒಂದು ದಿನ ಬಂದು ನೋಡಿದವರಾಗಿರಬೇಕು. ನೀವು 18 ವರ್ಷ ಬಂದಿದ್ದೀರಿ.

ಉತ್ತರ: ಗುಬ್ಬಿಯಿಂದ, ಶಾಲಾ ಶಿಕ್ಷಕಿ

ನನ್ನ ಪತಿ ಮೂರು ವರ್ಷಗಳ ಹಿಂದೆ ಇದೇ ದಾರಿ ಹಿಡಿದರು, ಈಗ ಆ ಕೆಲಸದಲ್ಲಿಯೇ ಇದ್ದಾರೆ. ಮನೆಯ ಕಡೆಯಿಂದ ಇದು ಹೇಗಿರುತ್ತದೆಂದು ಹೇಳುವವರು ಯಾರೂ ಇರಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಬೆಳಗಿನ ಒಂದೂವರೆ ಗಂಟೆ ನಿಮ್ಮೊಬ್ಬರದು ಎಂದು ನಿಮಗೆ ಅನ್ನಿಸಬಹುದು, ಆದರೆ ಆ ಹೊತ್ತಿನಲ್ಲಿ ಹಾಲು ತರುವವರು, ನೀರು ಬಿಟ್ಟಾಗ ಸಂಪು ತುಂಬಿಸುವವರು, ಮಕ್ಕಳನ್ನು ಎಬ್ಬಿಸುವವರು ಇನ್ನೊಬ್ಬರು. ನಮ್ಮ ಮನೆಯಲ್ಲಿ ಮೊದಲ ವರ್ಷ ಜಗಳ ಆದದ್ದು ಹಣಕ್ಕಲ್ಲ, ಇದಕ್ಕೆ. ಆಮೇಲೆ ಭಾನುವಾರ ಪೂರ್ತಿ ಲ್ಯಾಪ್‌ಟಾಪ್ ತೆರೆಯುವುದಿಲ್ಲ ಎಂದು ಅವರೇ ಹೇಳಿದರು, ಹೇಳಿದಂತೆ ನಡೆದುಕೊಂಡರು. ಎರಡನೆಯದಾಗಿ, ಅವರು ಏನು ಕಲಿಯುತ್ತಿದ್ದಾರೆಂದು ನನಗೆ ತೋರಿಸತೊಡಗಿದರು. ನಮ್ಮ ಶಾಲೆಯ ಮಕ್ಕಳ ಅಂಕಪಟ್ಟಿಗೆ ಸಣ್ಣ ಪ್ರೋಗ್ರಾಮು ಬರೆದುಕೊಟ್ಟರು, ಅದರಲ್ಲಿ ನಾನು ಹಿಡಿದ ತಪ್ಪುಗಳು ಅವರಿಗೆ ಉಪಯೋಗವಾದವು. ಆ ದಿನದಿಂದ ಅದು ಅವರ ಹಟ ಎಂದು ನನಗೆ ಅನ್ನಿಸಲಿಲ್ಲ.

ನಿಮ್ಮ ಮಗಳು ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಅಣ್ಣ, ಆ ಒಂದು ವರ್ಷ ಮನೆಯ ಆದಾಯವನ್ನು ಅಲುಗಿಸಬೇಡಿ. ನಿಮ್ಮ ಶ್ರೀಮತಿಯವರು ಏನು ಹೇಳುತ್ತಾರೆಂದು ನೀವು ಬರೆದಿಲ್ಲ.

ಉತ್ತರ: ತಿಪಟೂರಿನಿಂದ

ಬಟವಾಡಿಯ ಸರ್ ಅವರ ಒಂದು ಮಾತಿಗೆ ನನ್ನ ಸಣ್ಣ ಭಿನ್ನಾಭಿಪ್ರಾಯವಿದೆ. ಎಸ್‌ಕ್ಯೂಎಲ್ ಬೇಗ ಫಲ ಕೊಡುತ್ತದೆ ನಿಜ, ಆದರೆ ಬರಿಯ ವರದಿ ಮಾಡುವ ಹುದ್ದೆಗೆ ಸೇರಿದವರು ಅಲ್ಲಿಯೇ ಉಳಿದುಬಿಡುವುದನ್ನು ಕಂಡಿದ್ದೇನೆ. ಇನ್ನೊಬ್ಬರು ದಿನವೂ ಬಳಸುವ ಒಂದನ್ನು ಕೊನೆಯವರೆಗೆ ಕಟ್ಟಿ ನಿಲ್ಲಿಸಬೇಕು: ಅವರು ಒತ್ತುವ ಪರದೆ, ಅದರ ಹಿಂದಿನ ಲೆಕ್ಕ, ಮಾಹಿತಿ ಉಳಿಯುವ ಜಾಗ, ರಾತ್ರಿ ಅದರ ನಕಲು ತೆಗೆದಿಡುವ ವ್ಯವಸ್ಥೆ, ಎಲ್ಲವೂ. ಚಿಕ್ಕದಿದ್ದರೂ ಪರವಾಗಿಲ್ಲ. ಪಾವಗಡದವರು ಹೇಳಿದ ಆರ್ಡರ್ ಪುಸ್ತಕಕ್ಕಿಂತ ಒಳ್ಳೆಯ ವಿಷಯ ನಿಮಗೆ ಬೇರೆ ಸಿಗಲಾರದು. ಒಂದೇ ಆರ್ಡರ್ ಎರಡು ಸಲ ಬಂದರೂ ಒಮ್ಮೆ ಮಾತ್ರ ದಾಖಲಾಗಬೇಕಾದರೆ ಪ್ರತಿ ಆರ್ಡರಿಗೂ ಫೋನಿನಲ್ಲಿಯೇ ಒಂದು ಗುರುತಿನ ಸಂಖ್ಯೆ ಹುಟ್ಟಬೇಕು, ಅತ್ತ ಕಡೆ ಆ ಸಂಖ್ಯೆ ಮೊದಲೇ ಬಂದಿದೆಯೇ ಎಂದು ನೋಡಿ ಬಂದಿದ್ದರೆ ಬಿಡಬೇಕು. ಇದನ್ನು ನೀವೇ ಬರೆದು, ಮುರಿದು, ಸರಿಮಾಡಿದ ದಿನ ನೀವು ಈ ವೃತ್ತಿಯವರೇ.

ಉತ್ತರ: ಬಟವಾಡಿಯಿಂದ

ಒಪ್ಪಿದೆ ಮೇಡಂ. ಅಂಥದೊಂದನ್ನು ತೋರಿಸಿದ ಅಭ್ಯರ್ಥಿಯ ಜೊತೆ ನಾನು ಮಾತನಾಡದೆ ಕಳಿಸುವುದಿಲ್ಲ. ಆದರೆ ಅದನ್ನೂ ನಿಮ್ಮ ಈಗಿನ ಕಂಪನಿಯ ಮಾಲಿಗೆ ಸಂಬಂಧವಿಲ್ಲದ ಅಂಗಡಿಯೊಂದಕ್ಕೆ ಬರೆಯಿರಿ.

ಕೇಳಿದವರು

ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಗುಬ್ಬಿಯ ಮೇಡಂ ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಮಾರ್ಚ್ ಎಂದು ನಿಶ್ಚಯಿಸಿದ್ದನ್ನು ಮನೆಯಲ್ಲಿ ಪೂರ್ತಿಯಾಗಿ ಹೇಳಿಯೇ ಇರಲಿಲ್ಲ. ಈ ಉತ್ತರಗಳನ್ನೆಲ್ಲ ಇಬ್ಬರೂ ಕುಳಿತು ಓದಿದೆವು. ಶಿರಾದವರ ಬರಹವನ್ನು ನನ್ನ ಹೆಂಡತಿ ಎರಡು ಸಲ ಓದಿದರು.

ಮಾರ್ಚ್‌ನಲ್ಲಿ ರಾಜೀನಾಮೆ ಕೊಡುವುದಿಲ್ಲ. ಮಗಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ, ಅಂದರೆ ಇನ್ನು ಹೆಚ್ಚುಕಡಿಮೆ ಒಂದೂವರೆ ವರ್ಷ, ನೌಕರಿ ಇರುತ್ತದೆ. ತಂದೆಯವರ ವಿಮೆಯ ಬಗ್ಗೆ ಕಂಪನಿಯ ಮಾನವ ಸಂಪನ್ಮೂಲ ವಿಭಾಗಕ್ಕೂ ವಿಮಾ ಕಂಪನಿಗೂ ಪತ್ರ ಬರೆದಿದ್ದೇನೆ. ನಮ್ಮ ಕಂಪನಿಯಲ್ಲಿಯೇ ಮಾರಾಟದ ಮಾಹಿತಿ ವ್ಯವಸ್ಥೆ ನೋಡಿಕೊಳ್ಳುವ ಸಣ್ಣ ತಂಡವೊಂದಿದೆ. ಅಲ್ಲಿಗೆ ವರ್ಗಾವಣೆ ಸಾಧ್ಯವೇ ಎಂದು ಮೇಲಧಿಕಾರಿಗಳನ್ನು ಕೇಳಿದೆ. ಇಲ್ಲ ಎನ್ನಲಿಲ್ಲ, ಕ್ಲೇಮು ಲೆಕ್ಕವನ್ನು ಆ ತಂಡಕ್ಕೆ ತೋರಿಸಲು ಮುಂದಿನ ತಿಂಗಳು ಕರೆದಿದ್ದಾರೆ.

ಮಂಡಿಪೇಟೆಯಲ್ಲಿ ಬೆಲ್ಲ, ಬೇಳೆ ಮಾರುವ ಹಿರಿಯರೊಬ್ಬರು ಪರಿಚಯ. ನಮ್ಮ ಕಂಪನಿಯ ಮಾಲು ಅವರಲ್ಲಿಲ್ಲ. ಅವರ ಮಗ ಟಿವಿಎಸ್‌ನಲ್ಲಿ ಕೊರಟಗೆರೆ, ಮಧುಗಿರಿ ಕಡೆ ಹೋಗಿ ಆರ್ಡರ್ ತರುತ್ತಾನೆ. ಕಳೆದ ಭಾನುವಾರ ನಾನೂ ಅವನ ಜೊತೆ ಹೋಗಿ ಬಂದೆ. ಗುಬ್ಬಿಯ ಮೇಡಂ ಕ್ಷಮಿಸಬೇಕು, ಮುಂದಿನ ಭಾನುವಾರಗಳು ಮನೆಯವೇ. ಮೂರು ಹಳ್ಳಿಗಳಲ್ಲಿ ಸಿಗ್ನಲ್ ಇರಲಿಲ್ಲ. ಹನ್ನೊಂದು ಅಂಗಡಿಗಳ ಆರ್ಡರನ್ನು ಅವನು ಸಿಗರೇಟ್ ಪ್ಯಾಕಿನ ಒಳಕಾಗದದ ಮೇಲೆ ಬರೆದುಕೊಂಡ. ಆ ಕಾಗದ ಈಗ ನನ್ನ ಮೇಜಿನ ಮೇಲಿದೆ. ಅದರಲ್ಲಿ ಬೇಳೆಯನ್ನು ಕೆಲವರಿಗೆ ಮೂಟೆಯಲ್ಲಿ, ಕೆಲವರಿಗೆ ಕಿಲೋದಲ್ಲಿ ಬರೆದಿದ್ದಾನೆ. ಒಬ್ಬರಿಗೆ 'ಹೋದ ಸಲದಷ್ಟೇ' ಎಂದು ಬರೆದಿದ್ದಾನೆ. ಈ ಮೂರನೆಯದನ್ನು ಕೋಷ್ಟಕದಲ್ಲಿ ಹೇಗೆ ಇಡುವುದೆಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ತಿಪಟೂರಿನ ಮೇಡಂ, ನೀವಾಗಿದ್ದರೆ ಆರ್ಡರ್ ತೆಗೆಯುವಾಗಲೇ ಹಿಂದಿನ ಸಂಖ್ಯೆಯನ್ನು ಫೋನಿನಲ್ಲಿ ತೋರಿಸಿ ತುಂಬಿಸುತ್ತಿದ್ದಿರಾ, ಅಥವಾ ಮಾತನ್ನು ಹಾಗೆಯೇ ಉಳಿಸಿಕೊಂಡು ಸಂಜೆ ಅಂಗಡಿಯಲ್ಲಿ ಬಿಡಿಸುತ್ತಿದ್ದಿರಾ?